ರಾತ್ರಿ ಡ್ಯೂಟಿಯಲ್ಲಿ ಕನ್ನಡ ಬರುವವರು ಯಾರುಂಟು?

ಹೋದ ವರ್ಷ ಆಟಿ ತಿಂಗಳಲ್ಲಿ, ಅಂದ್ರೆ ಜುಲೈ ಆಗಸ್ಟಿನ ಮಳೆಯಲ್ಲಿ, ಒಂದು ರಾತ್ರಿ ಅಮ್ಮ ಬಚ್ಚಲಿಗೆ ಹೋಗುವಾಗ ಜಾರಿ ಬಿದ್ರು. ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ ತೋಟದ ನಡುವೆ ಇರುವ ಹಳೇ ಮನೆ, ಬಚ್ಚಲುಕೊಟ್ಟಿಗೆ ಮನೆಯಿಂದ ನಾಲ್ಕು ಹೆಜ್ಜೆ ಹೊರಗೆ, ಜಡಿಮಳೆಯಲ್ಲಿ ಆ ನಾಲ್ಕು ಹೆಜ್ಜೆಯ ಕಲ್ಲಿಗೆ ಪಾಚಿ ಹಿಡಿದು ಕಾಲಿಡ್ಲಿಕ್ಕೇ ಹೆದರಿಕೆ ಆಗ್ತದೆ. ಕರೆಂಟ್ ಇರ್ಲಿಲ್ಲ, ಮೊಬೈಲ್ ಚಾವಡಿಯಲ್ಲಿತ್ತು. ಬೆಳಿಗ್ಗೆ ಆರೂವರೆಗೆ ಹಟ್ಟಿ (ದನದ ಕೊಟ್ಟಿಗೆ) ಕೆಲಸದ ಅಕ್ಕ ಬಂದು ನೋಡುವವರೆಗೆ ಅಮ್ಮ ಅಲ್ಲೇ, ಒದ್ದೆ ಕಲ್ಲಿನ ಮೇಲೆ. ಎಷ್ಟು ಹೊತ್ತು ಬಿದ್ದಿದ್ರಿ ಅಂತ ಕೇಳಿದ್ರೆ ಇವತ್ತಿಗೂ ಸರಿಯಾಗಿ ಹೇಳುದಿಲ್ಲ, "ಕೋಳಿ ಕೂಗುವ ಮೊದಲೇ" ಅಂತ ಮಾತ್ರ ಹೇಳ್ತಾರೆ.

ಸೊಂಟದ ಹತ್ರ ಮೂಳೆ ಮುರಿದಿತ್ತು. ನಮ್ಮ ಊರಿನ ಎಲ್ಲರ ಹಾಗೆ ನಾವೂ ಮಂಗಳೂರಿಗೇ ಕರ್ಕೊಂಡು ಹೋದದ್ದು, ಆಪರೇಷನ್ ಆಯ್ತು, ರಾಡ್ ಹಾಕಿದ್ರು, ಹದಿನೈದು ದಿವಸದಲ್ಲಿ ವಾಕರ್ ಹಿಡಿದು ನಡೀಲಿಕ್ಕೆ ಶುರು ಮಾಡಿದ್ರು. ಅಲ್ಲಿವರೆಗೆ ಎಲ್ಲ ಸರಿ. ಅಮ್ಮನಿಗೆ ಈಗ 78. ಅಪ್ಪ ಇಲ್ಲ. ಅಣ್ಣ ಗಲ್ಫಲ್ಲಿ, ನಾನು ಬೆಂಗಳೂರಲ್ಲಿ, ನಾನೂ ನಮ್ಮವರೂ ಇಬ್ಬರೂ ಕೆಲಸಕ್ಕೆ ಹೋಗುವವರು. ಆಸ್ಪತ್ರೆಯಿಂದ ಸೀದಾ ನಮ್ಮ ಮನೆಗೇ ಕರ್ಕೊಂಡು ಬಂದೆ, ಎರಡು ತಿಂಗಳು ಇದ್ರು. ಮೂರನೇ ಮಹಡಿಯ ಫ್ಲಾಟ್, ಬೆಳಿಗ್ಗೆ ಎಂಟೂವರೆಗೆ ನಾವು ಹೊರಟ್ರೆ ಸಂಜೆ ಏಳರವರೆಗೆ ಅಮ್ಮ ಒಬ್ಬರೇ. ಒಂದಿನ ನಾನು ಬರುವಾಗ ಬಾಲ್ಕನಿ ಬಾಗಿಲ ಹತ್ರ ಕೂತಿದ್ರು, "ಇಲ್ಲಿ ಮಳೆ ಬಂದ್ರೂ ಶಬ್ದವೇ ಇಲ್ಲ ನೋಡು ಮಗಾ, ಒದ್ದೆ ಆದ ಮೇಲೆ ಗೊತ್ತಾಗುದು" ಅಂದ್ರು. ಹಂಚಿನ ಮಾಡಿನ ಕೆಳಗೆ ಎಪ್ಪತ್ತು ಮಳೆಗಾಲ ಕಳೆದವರು. ಅವರನ್ನು ಊರಿಗೆ ಬಿಟ್ಟು ಬರುದೇ ಸರಿ ಅಂತ ಅವತ್ತೇ ಅನ್ನಿಸಿತು.

ಊರಲ್ಲಿ ಏಜೆನ್ಸಿಯಿಂದ ಹೋಂ ನರ್ಸ್ ಮಾಡಿದೆವು. ಆ ಹುಡುಗಿ ವಯನಾಡಿನವಳು, ಒಳ್ಳೆಯ ಹುಡುಗಿ, ಕೆಲಸದಲ್ಲಿ ಒಂದು ಚೂರೂ ತಪ್ಪು ಹೇಳ್ಲಿಕ್ಕಿಲ್ಲ, ಅಮ್ಮನನ್ನು ತನ್ನ ಅಜ್ಜಿಯ ಹಾಗೇ ನೋಡಿಕೊಂಡಳು. ಆದ್ರೆ ಅವಳಿಗೆ ಮಲಯಾಳ ಬಿಟ್ಟು ಬೇರೆ ಬರುದಿಲ್ಲ, ಅಮ್ಮನಿಗೆ ಮಲಯಾಳ ಪೇಟೆಯಲ್ಲಿ ಸಾಮಾನು ತರುವಷ್ಟು, ಬಸ್ಸಿನ ಬೋರ್ಡು ಓದುವಷ್ಟು. ಅಮ್ಮ ಹುಟ್ಟುವಾಗ ಕಾಸರಗೋಡು ಮದ್ರಾಸಿಗೆ ಸೇರಿದ ಸೌತ್ ಕೆನರಾದಲ್ಲಿತ್ತು, 1956 ನವೆಂಬರ್ 1ಕ್ಕೆ ಕೇರಳ ಆಗುವಾಗ ಅವರಿಗೆ ಒಂಬತ್ತು ವರ್ಷ, ಓದಿದ್ದು ಕನ್ನಡ ಮೀಡಿಯಂ, ಮತ್ತೆ ಎಲ್ಪಿ (ಲೋವರ್ ಪ್ರೈಮರಿ) ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿದ್ದೂ ಕನ್ನಡ ಮೀಡಿಯಂ. ಮನೆಯಲ್ಲಿ ಕನ್ನಡ, ಅಂಗಳದಲ್ಲಿ ತುಳು. ಆರೋಗ್ಯ ಸರಿ ಇರುವಾಗ ಇದು ಒಂದು ವಿಷಯ ಅಂತಲೇ ನಮಗೆ ಕಂಡಿರ್ಲಿಲ್ಲ.

ಒಂದು ಶನಿವಾರ ಊರಿಗೆ ಹೋಗಿದ್ದೆ. ರಾತ್ರಿ ಅಮ್ಮ ನರಳಿದ್ದು ಕೇಳಿ ಎದ್ದು ಹೋದ್ರೆ ಆ ಹುಡುಗಿ ಮಂಚದ ಬುಡದಲ್ಲಿ ಕೂತು ಬಲಗಾಲಿಗೆ ಬಾಮ್ ಹಾಕಿ ಉಜ್ಜುತ್ತಾ ಇದ್ದಳು, ಅಮ್ಮ "ಬೇಡ, ಬೇಡ" ಅಂತ ಕೈಯಲ್ಲಿ ತಡೀತಾ ಇದ್ರು. ನಾನು ಕೇಳಿದೆ, ಎಂತ ಆಗ್ತದೆ? "ಜೋಮು ಹಿಡಿದದ್ದು ಮಗಾ, ನೋವಲ್ಲ. ಪಾದ ನನ್ನದೇ ಅಲ್ಲ ಅನ್ನುವ ಹಾಗೆ ಆಗ್ತದೆ. ಇವಳಿಗೆ ಎಷ್ಟು ಸಲ ಹೇಳಿದೆ." ಎಷ್ಟು ದಿವಸದಿಂದ? ಮೂರು ವಾರದಿಂದ. ಮೂರು ವಾರ ಆ ಮಗು ನೋವು ಅಂತಲೇ ತಿಳ್ಕೊಂಡು ಬಾಮ್ ಹಚ್ಚಿದ್ದಾಳೆ, ನೋವಿನ ಮಾತ್ರೆ ಕೊಟ್ಟಿದ್ದಾಳೆ, ಏಜೆನ್ಸಿಯವರು ಫೋನಲ್ಲಿ ಕೇಳಿದ್ರೆ "ಕಾಲುನೋವು" ಅಂತ ಹೇಳಿದ್ದಾಳೆ. ಜೋಮಿಗೆ ಮಲಯಾಳದಲ್ಲಿ ತರಿಪ್ಪು ಅಂತ ಹೇಳ್ತಾರೆ ಅಂತ ನನಗೆ ಗೊತ್ತಾದದ್ದೂ ಆಮೇಲೆಯೇ, ಪಕ್ಕದ ಮನೆಯವರನ್ನು ಕೇಳಿ.

ಆ ರಾತ್ರಿ ನಾನು ಮತ್ತೆ ಮಲಗ್ಲಿಲ್ಲ. ಉರಿ, ಸೆಳೆತ, ಸಿಡಿತ, ಜೋಮು, ಚಳುಕು, ಸಂಕಟ, ಒಂದೊಂದಕ್ಕೂ ಒಂದೊಂದು ಅರ್ಥ, ಡಾಕ್ಟರಿಗೆ ಒಂದೊಂದಕ್ಕೂ ಒಂದೊಂದು ಕಾರಣ ಗೊತ್ತಾಗ್ತದೆ, ಇದೆಲ್ಲ ನಾವು ಹುಟ್ಟಿದ ಭಾಷೆಯಲ್ಲಿ ಬಿಟ್ರೆ ಬೇರೆ ಭಾಷೆಯಲ್ಲಿ ಹೇಳ್ಲಿಕ್ಕೆ ಬರುದಿಲ್ಲ. ನಾನು ಇಪ್ಪತ್ತು ವರ್ಷದಿಂದ ಇಂಗ್ಲಿಷಲ್ಲೇ ಕೆಲಸ ಮಾಡುವವಳು, ನನಗೇ ಇಂಗ್ಲಿಷಲ್ಲಿ ಜೋಮಿನ ಬಗ್ಗೆ ಹೇಳ್ಬೇಕಾದ್ರೆ ಒಂದು ಗಳಿಗೆ ಯೋಚನೆ ಮಾಡ್ಬೇಕು. ನಮ್ಮ ಗಡಿನಾಡಲ್ಲಿ ಭಾಷೆ ಅಂದ್ರೆ ಶಾಲೆ, ಸರ್ಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆ, ಆಫೀಸಿನ ಅರ್ಜಿ, ರಸ್ತೆಯ ಬೋರ್ಡು, ಇದೇ ಮಾತಾಡ್ತೇವೆ, ಮಾತಾಡ್ಲೇಬೇಕು. ಪ್ರಾಯ ಆದವರ ಮಂಚದ ಹತ್ರ ಯಾವ ಭಾಷೆ ಉಂಟು ಅಂತ ಮಾತಾಡಿದವರನ್ನು ನಾನು ನೋಡಿಲ್ಲ.

ಹಾಗೆ ನಾವು ಅಮ್ಮನನ್ನು ನೋಡಿಕೊಳ್ಳುವ ಜಾಗ ಹುಡುಕ್ಲಿಕ್ಕೆ ಶುರು ಮಾಡಿದೆವು. ಮೊದಲು ಅಮ್ಮನ ಹತ್ರವೇ ಕೇಳಿದ್ದು, ಅದು ನಾವು ಮಾಡಿದ ಒಂದು ಸರಿಯಾದ ಕೆಲಸ. "ವೃದ್ಧಾಶ್ರಮವಾ?" ಅಂತ ಕೇಳಿದ್ರು, ಸ್ವಲ್ಪ ಹೊತ್ತು ಸುಮ್ಮನೆ ಕೂತ್ರು, ಮತ್ತೆ "ನೋಡಿ ಬರುವ, ನೋಡದೆ ಬೇಡ ಹೇಳ್ಲಿಕ್ಕೆ ಆಗುದಿಲ್ಲಲ್ಲ" ಅಂದ್ರು. ದೊಡ್ಡಮ್ಮ ಫೋನ್ ಮಾಡಿ ನನಗೆ ಬೈದ್ರು, ಇಬ್ಬರು ಮಕ್ಕಳಿದ್ದೂ ಹೀಗಾ ಅಂತ. ಅವರು ಹೇಳಿದ್ದು ನನಗೆ ನಾಟಿತು, ಈಗಲೂ ಒಮ್ಮೊಮ್ಮೆ ನಾಟ್ತದೆ. ಆದ್ರೆ ಮಳೆಗಾಲದ ಆ ರಾತ್ರಿ ನೆನಪಾದ್ರೆ ಬೇರೆ ದಾರಿ ಕಾಣುದಿಲ್ಲ.

ಇದರಲ್ಲಿ ಮೊದಲು ತಿಳ್ಕೊಳ್ಬೇಕಾದ್ದು, ನಿಮ್ಮ ಅಪ್ಪ ಅಮ್ಮನಿಗೆ ಎಷ್ಟು ಸಹಾಯ ಬೇಕು ಅಂತ. ಸ್ನಾನ, ಬಟ್ಟೆ ಹಾಕಿಕೊಳ್ಳುದು, ಟಾಯ್ಲೆಟ್ಟಿಗೆ ಹೋಗುದು, ಮಂಚದಿಂದ ಎದ್ದು ಕುರ್ಚಿಯಲ್ಲಿ ಕೂರುದು, ಮಲಮೂತ್ರ ತಡ್ಕೊಳ್ಳುದು, ಊಟ, ಈ ಆರರಲ್ಲಿ ಯಾವ್ದನ್ನು ತಾವೇ ಮಾಡ್ಕೊಳ್ತಾರೆ, ಯಾವ್ದಕ್ಕೆ ಕೈ ಹಿಡೀಬೇಕು ಅಂತ ಡಾಕ್ಟರುಗಳು ಲೆಕ್ಕ ಹಾಕ್ತಾರೆ. ಆರನ್ನೂ ಮಾಡುವವರಿಗೆ ಸೀನಿಯರ್ ಲಿವಿಂಗ್ ಅಂತ ಅಪಾರ್ಟ್‌ಮೆಂಟ್ ಥರದ್ದು ಸಾಕು. ಅಮ್ಮನಿಗೆ ಸ್ನಾನಕ್ಕೂ ಏಳ್ಲಿಕ್ಕೂ ಜನ ಬೇಕಿತ್ತು, ಅದಕ್ಕೆ ಅಸಿಸ್ಟೆಡ್ ಲಿವಿಂಗ್. ಹಾಸಿಗೆ ಹಿಡಿದವರಿಗೆ, ಮರೆವಿನ ಕಾಯಿಲೆಯವರಿಗೆ ಬೇಕಾದ್ದು ಮತ್ತೊಂದು. ಬೋರ್ಡಲ್ಲಿ ಏನೇ ಬರೆದಿರ್ಲಿ, ಇದರಲ್ಲಿ ಯಾವ್ದಕ್ಕೆ ಅವರ ಹತ್ರ ಜನ ಉಂಟು ಅಂತ ನೇರ ಕೇಳ್ಬೇಕು.

ಬೆಂಗಳೂರಲ್ಲಿ ಒಂದು ನೋಡಿದೆವು, ನನ್ನ ಮನೆಯಿಂದ ಒಂದು ಗಂಟೆ ದಾರಿ. ಚಂದ ಉಂಟು, ಗಾರ್ಡನ್, ಲೈಬ್ರರಿ, ಬಾತ್‌ರೂಮಿನಲ್ಲಿ ಹಿಡ್ಕೊಳ್ಲಿಕ್ಕೆ ರಾಡು, ಕರೆಗಂಟೆ, ವೀಲ್‌ಚೇರ್ ಹೋಗುವ ಬಾಗಿಲು. ಕೇಂದ್ರದ ವಸತಿ ಇಲಾಖೆ 2019ರಲ್ಲಿ ರಿಟೈರ್‌ಮೆಂಟ್ ಹೋಮುಗಳಿಗೆ ಅಂತ ಮಾದರಿ ನಿಯಮ ಮಾಡಿದೆ, ಅಂಥದ್ದೆಲ್ಲ ಸರಿಯಾಗಿಯೇ ಇತ್ತು. ಅಮ್ಮ ಎಲ್ಲ ನೋಡಿ ಒಂದೇ ಪ್ರಶ್ನೆ ಕೇಳಿದ್ರು, ಇಲ್ಲಿ ಪೇಪರ್ ಯಾವ್ದು ಬರ್ತದೆ ಅಂತ. ಹಾಲಿನ ಟೇಬಲ್ ಮೇಲೆ ಮೂರು ಇಂಗ್ಲಿಷ್ ಪೇಪರ್ ಇತ್ತು. ಅಲ್ಲಿ ಕೆಲಸದವರು ಹೆಚ್ಚಾಗಿ ಒಡಿಶಾ, ಅಸ್ಸಾಂ ಕಡೆಯವರು, ಹಿಂದಿ ಮಾತಾಡ್ತಾರೆ, ವಾಸ ಇರುವವರು ಇಂಗ್ಲಿಷ್. ಅಗ್ರಿಮೆಂಟನ್ನು ಮನೆಗೆ ತಂದು ರಾತ್ರಿ ಕೂತು ಓದಿದೆ. ಹನ್ನೊಂದನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು, ವಾಸ ಇರುವವರು ಹಾಸಿಗೆ ಹಿಡಿದ್ರೆ ಮೂವತ್ತು ದಿವಸದಲ್ಲಿ ಮನೆಯವರು ಬೇರೆ ವ್ಯವಸ್ಥೆ ಮಾಡ್ಬೇಕು ಅಂತ. ಜನ ಬೇಕಾದ ಹೊತ್ತಿಗೇ ಹೊರಗೆ ಕಳಿಸುದಾದ್ರೆ ಲಕ್ಷಗಟ್ಟಲೆ ಡಿಪಾಸಿಟ್ ಯಾಕೆ ಕೊಡ್ಬೇಕು? ತೋರಿಸ್ಲಿಕ್ಕೆ ಬಂದವರು ಈ ಮಾತು ಬಾಯಿಬಿಟ್ಟು ಹೇಳಿರ್ಲಿಲ್ಲ. ದಯವಿಟ್ಟು ಅಗ್ರಿಮೆಂಟ್ ಪೂರ್ತಿ ಓದಿ, ಕೊನೆಯ ಪುಟದವರೆಗೆ, ತೀರಿಹೋದ್ರೆ ಡಿಪಾಸಿಟ್ ಯಾರಿಗೆ ಎಷ್ಟು ದಿವಸದಲ್ಲಿ ವಾಪಸ್, ವರ್ಷಕ್ಕೆ ಎಷ್ಟು ಜಾಸ್ತಿ ಮಾಡ್ತಾರೆ, ಡೈಪರ್ ಮದ್ದು ಫಿಸಿಯೋಥೆರಪಿ ಇದೆಲ್ಲ ಸೇರಿ ಆ ರೇಟಾ ಅಥವಾ ಬೇರೆಯಾ ಅಂತ.

ಅಣ್ಣ ಕೊಯಮತ್ತೂರು ಅಂದ. ಹಿರಿಯರ ಕಾಲೊನಿಗಳಿಗೆ ಹೆಸರಾದ ಊರು ಅದು, ಹವೆಯೂ ಒಳ್ಳೆಯದು, ಸಸ್ಯಾಹಾರವೂ ಸಿಗ್ತದೆ. ಅಲ್ಲಿ ತಮಿಳು. ಅಮ್ಮನ ಮುಖ ನೋಡಿ ನಾನು ಅಲ್ಲಿಗೇ ಬಿಟ್ಟೆ.

ಮತ್ತೆ ನಮ್ಮ ಜಿಲ್ಲೆಯಲ್ಲೇ, ಹೊಸದುರ್ಗದ (ಕಾಞಂಗಾಡಿನ) ಕಡೆ, ಒಂದು ಟ್ರಸ್ಟಿನವರು ನಡೆಸುವ ಜಾಗ. ಕೇರಳದಲ್ಲಿ ಇಂಥ ಚಾರಿಟಿ ಸಂಸ್ಥೆಗಳು ಆರ್ಫನೇಜ್ ಕಂಟ್ರೋಲ್ ಬೋರ್ಡಿನಲ್ಲಿ ರಿಜಿಸ್ಟರ್ ಆಗಿರ್ಬೇಕು, ಆ ಸರ್ಟಿಫಿಕೇಟ್ ಆಫೀಸಿನ ಗೋಡೆಯಲ್ಲೇ ಇತ್ತು. ನೆಲ ಕನ್ನಡಿಯ ಹಾಗೆ, ಒಂದು ಚೂರು ವಾಸನೆ ಇಲ್ಲ, ಕುಚ್ಚಿಲಕ್ಕಿ ಗಂಜಿ, ಚಟ್ನಿ, ಹಪ್ಪಳ. ಅಮ್ಮನಿಗೂ ಹಿಡಿಸಿತು. ಅಲ್ಲಿಯ ವಾರ್ಡನ್ ಹೆಂಗಸು ನನ್ನನ್ನು ಬದಿಗೆ ಕರೆದು ಹೇಳಿದ್ರು, ಇಲ್ಲಿ ಕನ್ನಡ ಬರುವವರು ಒಬ್ಬರೂ ಇಲ್ಲ, ನಾವು ಚೆನ್ನಾಗಿ ನೋಡಿಕೊಳ್ತೇವೆ, ಆದ್ರೆ ನಿಮ್ಮ ಅಮ್ಮ ಮಾತಿಲ್ಲದೆ ಒಬ್ಬರೇ ಆಗಿಹೋಗ್ತಾರೆ, ನೀವೇ ಯೋಚನೆ ಮಾಡಿ. ಇಷ್ಟು ಪ್ರಾಮಾಣಿಕವಾಗಿ ಮಾತಾಡಿದವರು ಈ ಇಡೀ ಹುಡುಕಾಟದಲ್ಲಿ ಅವರೊಬ್ಬರೇ. ಅವರಿಗೆ ನಾನು ಋಣಿ. ಅಲ್ಲಿಂದ ಬಂದ ಮೇಲೆ ನಾನು ಎಲ್ಲಿಗೆ ಫೋನ್ ಮಾಡಿದ್ರೂ ರೇಟ್ ಕೇಳುವ ಮೊದಲು ಒಂದೇ ಪ್ರಶ್ನೆ ಕೇಳ್ತಿದ್ದೆ, ರಾತ್ರಿ ಡ್ಯೂಟಿಯಲ್ಲಿ ಕನ್ನಡ ಬರುವವರು ಯಾರುಂಟು? ಹಗಲು ಮ್ಯಾನೇಜರಿಗೆ ನಾಲ್ಕು ಭಾಷೆ ಬರ್ತದೆ, ಅದರಿಂದ ಏನೂ ಆಗ್ಲಿಕ್ಕಿಲ್ಲ. ಅಮ್ಮ ಏಳುದು ರಾತ್ರಿ ಎರಡು ಗಂಟೆಗೆ.

ಕೊನೆಗೆ ಸಿಕ್ಕಿದ್ದು ಕೇರಳ ಕರ್ನಾಟಕ ಗಡಿಯ ತಲಪಾಡಿಯ ಆಚೆ, ಮಂಗಳೂರಿನ ಹತ್ರದ ದೇರಳಕಟ್ಟೆಯ ಕಡೆ. ದೊಡ್ಡದೇನಲ್ಲ, ಇಪ್ಪತ್ತನಾಲ್ಕು ಜನ ಇರುವ ಜಾಗ, ಬಿಲ್ಡಿಂಗ್ ಹಳತು. ಕೆಲಸದವರಲ್ಲಿ ವಿಟ್ಲದವರು, ಉಪ್ಪಳದವರು, ಮುಡಿಪಿನವರು, ತುಳು ಕನ್ನಡ ಬ್ಯಾರಿ ಕೊಂಕಣಿ ಎಲ್ಲ ಉಂಟು. ಮೊದಲನೇ ಸಲ ಹೇಳಿ ಹೋದೆವು. ಎರಡನೇ ಸಲ ನಾನೊಬ್ಬಳೇ, ಹೇಳದೆ, ಸಂಜೆ ಏಳು ಗಂಟೆಗೆ ಹೋದೆ, ಊಟದ ಹೊತ್ತು, ಹಗಲಿನವರು ಹೋಗಿ ರಾತ್ರಿಯವರು ಬರುವ ಹೊತ್ತು. ಒಬ್ಬರು ಅಜ್ಜಿ ಸೀರೆ ಸರಿ ಮಾಡ್ಕೊಂಡು ಕೈಚೀಲ ಹಿಡ್ಕೊಂಡು ಗೇಟಿನ ಹತ್ರ ನಿಂತಿದ್ರು, ಬಸ್ಸು ಹೋಗ್ತದೆ ಮಕ್ಕಳು ಕಾಯ್ತಾರೆ ಅಂತ. ಕೆಲಸದ ಹೆಂಗಸು ಬಂದು ಬೈಲಿಲ್ಲ, ಎಳ್ಕೊಂಡು ಹೋಗ್ಲಿಲ್ಲ, ಬಸ್ಸೇ ಇಲ್ಲ ಅಂತಲೂ ಹೇಳ್ಲಿಲ್ಲ. ಅಲ್ಲೇ ಜಗಲಿಯಲ್ಲಿ ಪಕ್ಕದಲ್ಲಿ ಕೂತು ತುಳುವಿನಲ್ಲಿ ಯಾವ ಬಸ್ಸು, ಎಲ್ಲಿ ಇಳೀಲಿಕ್ಕೆ, ಮಕ್ಕಳು ಎಷ್ಟು ಅಂತ ಕೇಳಿದ್ಲು, ಕೇಳ್ತಾ ಕೇಳ್ತಾ ಕೈಚೀಲ ತಾನು ಹಿಡ್ಕೊಂಡಳು, ಬಸ್ಸು ಬರುವಷ್ಟರಲ್ಲಿ ಒಂದು ಗಂಜಿ ಊಟ ಮಾಡಿ ಬರುವ ಅಂದ್ಲು. ಇಬ್ಬರೂ ಕೈ ಹಿಡ್ಕೊಂಡು ಒಳಗೆ ಹೋದ್ರು. ನಾನು ಗೇಟಿನ ಹೊರಗೆ ನಿಂತು ಇಷ್ಟೂ ನೋಡಿದೆ. ಹಳೇ ಬಿಲ್ಡಿಂಗಿನ ಬಗ್ಗೆ ನನಗಿದ್ದ ತಕರಾರು ಅಲ್ಲಿಗೆ ಮುಗೀತು.

ಆದ್ರೂ ಒಂದು ವಿಷಯ ನಮ್ಮನ್ನು ತುಂಬ ಯೋಚನೆಗೆ ಹಾಕಿತು, ಅದು ಗಡಿ. 2020ರ ಮಾರ್ಚಲ್ಲಿ ಕೊರೊನಾ ಬಂದಾಗ ಕರ್ನಾಟಕದವರು ತಲಪಾಡಿ ಮುಚ್ಚಿದ್ದು ನಮ್ಮಲ್ಲಿ ಯಾರೂ ಮರೆತಿಲ್ಲ. ಒಳದಾರಿಗಳಿಗೂ ಮಣ್ಣು ಸುರಿದಿದ್ರು, ಐವತ್ತು ಕಿಲೋಮೀಟರ್ ದೂರದ ಮಂಗಳೂರಿಗೆ ಆಂಬುಲೆನ್ಸ್ ಬಿಡ್ಲಿಲ್ಲ, ಕೇರಳ ಹೈಕೋರ್ಟು, ಸುಪ್ರೀಂ ಕೋರ್ಟು ಅಂತ ಆಯ್ತು, ಅಷ್ಟರಲ್ಲಿ ದಾರಿ ಸಿಗದೆ ಜನ ತೀರಿಹೋದ್ರು. ಈಗ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜು ಉಂಟು, ಆದ್ರೂ ದೊಡ್ಡ ಕಾಯಿಲೆ ಅಂದ್ರೆ ನಮ್ಮ ಕಾಲು ಮಂಗಳೂರಿಗೇ ತಿರುಗುದು. ಆಚೆ ಸೇರಿಸಿದ್ರೆ ಆಸ್ಪತ್ರೆ ಹತ್ರ, ನೆಂಟರು ದೂರ. ಈಚೆ ಇಟ್ರೆ ನೆಂಟರು ಹತ್ರ, ಆಸ್ಪತ್ರೆ ಗಡಿಯ ಆಚೆ. ಮತ್ತೆ ಈಚೆ ಬಿಟ್ಟು ಹೋಗುವಾಗ ಕಳ್ಕೊಳ್ಳುದೂ ಉಂಟು. ಕೇರಳ 2008ರಲ್ಲೇ ಪಾಲಿಯೇಟಿವ್ ಕೇರ್, ಅಂದ್ರೆ ಹಾಸಿಗೆ ಹಿಡಿದವರ, ವಾಸಿ ಆಗದ ಕಾಯಿಲೆಯವರ ನೋವು ಕಮ್ಮಿ ಮಾಡುವ ಆರೈಕೆಗೆ ಪಾಲಿಸಿ ಮಾಡಿದ ರಾಜ್ಯ, ಪಂಚಾಯತಿನ ಪಾಲಿಯೇಟಿವ್ ನರ್ಸ್ ಜೀಪಲ್ಲಿ ಮನೆ ಬಾಗಿಲಿಗೇ ಬರ್ತಾರೆ, ಅಮ್ಮ ಊರಲ್ಲಿದ್ದಾಗ ಹಾಗೆ ಬಂದು ಬಿಪಿ ನೋಡಿ, ಬೆನ್ನು ಹುಣ್ಣಾಗದ ಹಾಗೆ ಹೇಗೆ ಮಲಗಿಸ್ಬೇಕು ಅಂತ ಹೇಳಿಕೊಟ್ಟು ಹೋಗಿದ್ರು, ಒಂದು ಪೈಸೆ ತಗೊಳ್ಳದೆ. ಅದು ಆಚೆಯಲ್ಲಿ ಆ ರೀತಿ ಸಿಗ್ಲಿಕ್ಕಿಲ್ಲ. ನಾನೂ ಅಣ್ಣನೂ ಫೋನಲ್ಲಿ ಒಂದು ವಾರ ಇದನ್ನೇ ಚರ್ಚೆ ಮಾಡಿದೆವು.

ತೀರ್ಮಾನ ಅಮ್ಮನದ್ದೇ. "ಆಸ್ಪತ್ರೆ ಆಚೆ ಉಂಟಲ್ಲ, ನಾನೂ ಆಚೆಯೇ ಇರ್ತೇನೆ. ನಿಮಗೆ ಬರ್ಲಿಕ್ಕೆ ಆಗದಿದ್ರೆ ಫೋನ್ ಉಂಟು. ನಾನು ಹೇಳಿದ್ದು ಅಲ್ಲಿಯವರಿಗೆ ಅರ್ಥ ಆಗ್ತದಲ್ಲ, ಅಷ್ಟು ಸಾಕು."

ದುಡ್ಡಿನ ವಿಷಯವೂ ಹೇಳ್ತೇನೆ, ಯಾಕಂದ್ರೆ ಯಾರೂ ಹೇಳುದಿಲ್ಲ. ಅಮ್ಮನಿಗೆ ಟೀಚರ್ ಪೆನ್ಷನ್ ಉಂಟು, ಅದರಲ್ಲೇ ದೊಡ್ಡ ಭಾಗ ಆಗ್ತದೆ, ಉಳಿದದ್ದು ನಾನೂ ಅಣ್ಣನೂ ಅರ್ಧರ್ಧ. ದೇರಳಕಟ್ಟೆಯ ಈ ಜಾಗವೂ ಟ್ರಸ್ಟಿನದ್ದಾದ್ದರಿಂದ ತಿಂಗಳಿಗೆ 24,000, ಇನ್‌ಕಂ ಟ್ಯಾಕ್ಸ್ ಕಾಯ್ದೆಯಲ್ಲಿ ರಿಜಿಸ್ಟರ್ ಆದ ಚಾರಿಟಿ ಸಂಸ್ಥೆ ನಡೆಸುವ ವೃದ್ಧಾಶ್ರಮದಲ್ಲಿ 60 ದಾಟಿದವರಿಗೆ ತಿಂಗಳಿಗೆ 25,000ದವರೆಗೆ ಜಿಎಸ್‌ಟಿ ಇಲ್ಲ, ಇದನ್ನು ನೆನಪಿಟ್ಕೊಳ್ಳಿ. ಆಸ್ತಿ ಬರೆದುಕೊಟ್ರೆ ಜೀವನಪೂರ್ತಿ ನೋಡಿಕೊಳ್ತೇವೆ ಅನ್ನುವ ಜಾಗಕ್ಕೆ ಹೋಗ್ಲೇಬೇಡಿ. ಮನೆಯವರಿಗೇ ಬರೆದುಕೊಡುದಾದ್ರೂ ನೋಡಿಕೊಳ್ಬೇಕು ಅನ್ನುವ ಷರತ್ತನ್ನು ಪತ್ರದಲ್ಲೇ ಸೇರಿಸಿ, 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನಿನಲ್ಲಿ ಷರತ್ತು ತಪ್ಪಿದ್ರೆ ಟ್ರಿಬ್ಯೂನಲ್ ಆ ಪತ್ರವನ್ನು ರದ್ದು ಮಾಡ್ಲಿಕ್ಕೆ ಬರ್ತದೆ. ಎಂತ ಮಾಡುದು ಅಂತ ಗೊತ್ತಾಗದಿದ್ರೆ 14567ಕ್ಕೆ ಫೋನ್ ಮಾಡಿ, ಹಿರಿಯರಿಗಾಗಿಯೇ ಇರುವ ಹೆಲ್ಪ್‌ಲೈನ್.

ಒಂದು ತಿಂಗಳು ಟ್ರಯಲ್ ಅಂತ ಮಾತಾಡಿ ಸೇರಿಸಿದೆವು. ಮೊದಲ ಹತ್ತು ದಿವಸ ಕಷ್ಟ. ದಿನಾ ಸಂಜೆ ಫೋನ್ ಮಾಡಿ ದನ ಎಷ್ಟು ಹಾಲು ಕೊಡ್ತದೆ ಕೇಳ್ತಿದ್ರು, ದನ ಆಗ್ಲೇ ಹಟ್ಟಿ ಕೆಲಸದ ಅಕ್ಕನ ಮನೆಯಲ್ಲಿ. ನಾನು ಅವರಿಗೆ ಫೋನ್ ಮಾಡಿ ಕೇಳಿ ಅಮ್ಮನಿಗೆ ಹೇಳುದು, ಎರಡು ಲೀಟರ್, ಎರಡೂವರೆ ಲೀಟರ್ ಅಂತ. ಫೋನ್ ಇಟ್ಟ ಮೇಲೆ ಅತ್ತದ್ದೂ ಉಂಟು.

ಮೂರನೇ ವಾರ ಹೋದಾಗ ಆಫೀಸಲ್ಲಿ ನರ್ಸಿಂಗ್ ರಿಜಿಸ್ಟರ್ ನೋಡ್ಲಿಕ್ಕೆ ಕೇಳಿದೆ, ತಕ್ಷಣ ಕೊಟ್ರು. ಉದ್ದದ ರೂಲ್ಡ್ ಪುಸ್ತಕ, ನೀಲಿ ಪೆನ್ನು, ಕೆಲವು ಪುಟ ಇಂಗ್ಲಿಷ್ ಕೆಲವು ಕನ್ನಡ. ಅಮ್ಮನ ಹೆಸರಿನ ಮುಂದೆ ದುಂಡು ಅಕ್ಷರದಲ್ಲಿ ಬರೆದಿತ್ತು: "ರಾತ್ರಿ 2.10. ಬಾತ್‌ರೂಮಿಗೆ ಹೋಗಿ ಬಂದ್ರು. ಬಲಗಾಲು ಪಾದ ಜೋಮು ಅಂತ ಹೇಳಿದ್ರು. ನೋವು ಇಲ್ಲ. ಹತ್ತು ನಿಮಿಷ ಕೂತು ಮಾತಾಡಿದ್ದೇನೆ. ಡಾಕ್ಟರಿಗೆ ಹೇಳ್ಬೇಕು." ಆ ಗೆರೆಯ ಮೇಲೆ ಕೈಯಿಟ್ಟು ನಾನು ಎಷ್ಟು ಹೊತ್ತು ನಿಂತೆನೋ. ಮರುದಿನವೇ ಡಾಕ್ಟರ್ ನೋಡಿದ್ರು, ಸೊಂಟದಲ್ಲಿ ನರ ಒತ್ತಿಕೊಂಡಿದೆ ಅಂತ ಹೇಳಿ ಮದ್ದು ಬದಲಾಯಿಸಿದ್ರು, ಫಿಸಿಯೋ ಬೇರೆ ವ್ಯಾಯಾಮ ಕೊಟ್ರು. ಈಗ ಜೋಮು ಪೂರ್ತಿ ಹೋಗಿಲ್ಲ, ಕಮ್ಮಿ ಆಗಿದೆ. ಬರೆದವಳು ಯಾರು ಅಂತ ಕೇಳಿದೆ, ಉಪ್ಪಳದ ಹುಡುಗಿ, ಹಗಲು ಮಲಗಿದ್ದಾಳೆ ಅಂದ್ರು, ಎಬ್ಬಿಸ್ಲಿಲ್ಲ.

ಆ ತಿಂಗಳು ಮುಗಿದು ಈಗ ಐದನೇ ತಿಂಗಳು. ಬೆಳಿಗ್ಗೆ ಉದಯವಾಣಿ ಬರ್ತದೆ, ಕಣ್ಣು ಕಾಣದ ಇಬ್ಬರಿಗೆ ಅಮ್ಮನೇ ಓದಿ ಹೇಳುದು, ಸಾವಿನ ಸುದ್ದಿಯ ಪುಟ ಮೊದಲು. ದೊಡ್ಡಮ್ಮ ಹೋದ ತಿಂಗಳು ಬಂದು ನೋಡಿ ಹೋದ್ರು, ಏನೂ ಹೇಳ್ಲಿಲ್ಲ, ಹೋಗುವಾಗ ನನ್ನ ಬೆನ್ನು ತಟ್ಟಿದ್ರು. ಊರಮನೆಗೆ ಬೀಗ ಹಾಕಿ ಉಂಟು, ಅಡಿಕೆ ಕೊಯ್ಲಿಗೆ ಭಾವ ನೋಡಿಕೊಳ್ತಾರೆ, ಮಳೆಗಾಲಕ್ಕೆ ಮೊದಲು ಬಚ್ಚಲಿನ ಹೊರಗಿನ ಆ ಕಲ್ಲು ತೆಗೆಸಿ ಸಿಮೆಂಟ್ ಹಾಕಿಸ್ಬೇಕು, ಅಮ್ಮ ವಿಷುವಿಗೋ ಚೌತಿಗೋ ನಾಲ್ಕು ದಿವಸ ಬಂದು ಇರ್ಲಿಕ್ಕೆ. ನಾಡಿದ್ದು ಆದಿತ್ಯವಾರ ಹೋಗುವಾಗ ಎರಡು ಸಾಮಾನು ತರ್ಲಿಕ್ಕೆ ಹೇಳಿದ್ದಾರೆ, ಅವರ ಮಣೆ, ಮತ್ತೆ ಅಟ್ಟದಲ್ಲಿರುವ ಮಿಡಿ ಉಪ್ಪಿನಕಾಯಿಯ ಸಣ್ಣ ಭರಣಿ. ಭರಣಿ ರೂಮಿನಲ್ಲಿಡ್ಲಿಕ್ಕೆ ಬಿಡುದಿಲ್ಲ, ಅಡುಗೆಯವರು ತಮ್ಮ ಕಪಾಟಿನಲ್ಲಿ ಇಟ್ಕೊಳ್ತೇನೆ ಅಂದಿದ್ದಾರಂತೆ, ಎಲ್ಲರಿಗೂ ಬಡಿಸುದಾದ್ರೆ ದೊಡ್ಡ ಭರಣಿಯೇ ತಾ ಅಂತ ಅಮ್ಮ ಈಗಷ್ಟೇ ಮತ್ತೆ ಫೋನ್ ಮಾಡಿ ಹೇಳಿದ್ರು.